ಬರ್ಮಾ ಆಕಾಶ ಕಾಯ್ದ 64ನೇ ಸೆಂತಾಯ್

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದ ಜಪಾನಿನ 64ನೇ ಸೆಂತಾಯ್ ಫೈಟರ್ ಪಡೆ ತುಂಬಾ ಫೇಮಸ್ಸಂತೆ. ಅಷ್ಟು ಒಳ್ಳೆ ಪೈಲಟ್‌ಗಳಿದ್ದೂ ಯಾಕೆ ಸೋತ್ರು ಸರ್? (ಓದುಗರು, ಶಿವಮೊಗ್ಗ)

ಉತ್ತರ: ಪೈಲಟ್‌ಗಳ ಕೈಚಳಕಕ್ಕೇನೂ ಕೊರತೆ ಇರ್ಲಿಲ್ಲ ಬಿಡಿ. ಇವರು ನೌಕಾಪಡೆಯವರಲ್ಲ, ಹಾಗಾಗಿ ಇವರದ್ದು ನೌಕಾಪಡೆಯ ಝೀರೋ ಫೈಟರ್ ಅಲ್ಲ, ಆರ್ಮಿಯದೇ ವಿಮಾನ ನಕಾಜಿಮಾ ಕಿ-43 ಹಾಯಾಬುಸಾ. ಗಿರಕಿ ಹೊಡೆಯೋದ್ರಲ್ಲಿ ಅದನ್ನ ಹಿಡಿಯೋಕೆ ಬ್ರಿಟಿಷರ ಹರಿಕೇನ್ ಫೈಟರ್ ಕೈಲಿ ಆಗ್ತಿರ್ಲಿಲ್ಲ, ಆದ್ರೆ ಅಷ್ಟು ಹಗುರ ಇರ್ಲಿ ಅಂತ ಮೊದಮೊದಲ ಮಾಡೆಲ್‌ಗಳಲ್ಲಿ ಪೈಲಟ್ ಬೆನ್ನಿಗೆ ಒಂದು ಉಕ್ಕಿನ ತಗಡೂ ಹಾಕಿರ್ಲಿಲ್ಲ, ಗನ್ನು ಬರೀ ಎರಡು.

1942 ಮೇ 22ರಂದು ಬರ್ಮಾ ಕರಾವಳಿಯ ಅಕ್ಯಾಬ್ ಏರ್‌ಫೀಲ್ಡ್ ಮೇಲೆ ಬ್ರಿಟಿಷರ ಒಂದೇ ಒಂದು ಬ್ಲೆನ್‌ಹೈಮ್ ಬಾಂಬರ್ ಬಂತು. 64ನೇ ಸೆಂತಾಯ್ ಕಮಾಂಡರ್ ಕಾಟೊ ತಾತೆಯೊ ಅದನ್ನ ಸಮುದ್ರದ ಮೇಲೆ ಅಟ್ಟಿಸ್ಕೊಂಡು ಹೋಗಿ ದಾಳಿ ಮಾಡಿ ಮೇಲಕ್ಕೆ ಏರ್ತಿದ್ದಂಗೆ ಬಾಂಬರ್‌ನ ಗನ್ನರ್ ಹೊಡೆದ ಗುಂಡು ವಿಮಾನದ ಹೊಟ್ಟೆಗೇ ತಗುಲ್ತು, ಕಾಟೊ ಬಂಗಾಳ ಕೊಲ್ಲಿಯಲ್ಲೇ ಮುಗಿದುಹೋದ. ಜಪಾನಲ್ಲಿ ಅವನನ್ನ ಯುದ್ಧದೇವತೆ ಅಂದ್ರು.

ಆಮೇಲೆ ಬಂದವು ಅಮೆರಿಕದ ಬಿ-24 ಬಾಂಬರ್‌ಗಳು, ನಾಲ್ಕು ಎಂಜಿನ್, ಸುತ್ತ ಗನ್ನುಗಳು. ಎರಡು ಗನ್ನಿನ ಹಾಯಾಬುಸಾ ಅವನ್ನ ಎದುರಿಂದ ನುಗ್ಗಿ ಹೊಡೀಬೇಕಿತ್ತು, ಹೊಡೆದ್ರು ಕೂಡ. 1943ರ ನವೆಂಬರ್ ಕೊನೆಯಲ್ಲಿ ರಂಗೂನ್ ಮೇಲೆ ಬಿ-24 ಜೊತೆ ಕಾವಲಿಗೆ ಪಿ-38, ಪಿ-51 ಫೈಟರ್‌ಗಳು ಬಂದಾಗ್ಲೂ ಇವರು ಬಗ್ಗಲಿಲ್ಲ.

ನನ್ನ ಪ್ರಕಾರ ಸೋಲಿಸಿದ್ದು ವರ್ಕ್‌ಶಾಪು. ಜಪಾನಿಗೆ ಒಂದು ಹೊಸ ವಿಮಾನ ಬರ್ಮಾ ಮುಟ್ಟಿಸ್ಬೇಕಂದ್ರೆ ಸಾವಿರಾರು ಕಿಲೋಮೀಟರ್ ದಾಟಿಸ್ಬೇಕು, ಸತ್ತ ಹಳೇ ಪೈಲಟ್ ಜಾಗಕ್ಕೆ ಬರೋನು ಎಳೇ ಹುಡುಗ. ಈ ಕಡೆ ಅಮೆರಿಕದವರ ವಿಮಾನಗಳ ಓವರ್‌ಹಾಲ್ ಎಲ್ಲಿ ಆಗ್ತಿತ್ತು ಗೊತ್ತಾ, ನಮ್ಮ ಬೆಂಗಳೂರಲ್ಲೇ! 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರ ಸೇರಿ ಶುರು ಮಾಡಿದ್ದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನ (ಈಗಿನ ಎಚ್‌ಎಎಲ್) 1943ರಲ್ಲಿ ಅಮೆರಿಕನ್ ಏರ್‌ಫೋರ್ಸ್ ಕೈಗೆ ಕೊಟ್ಟಿದ್ರು, ನಮ್ಮೋರು ಅಲ್ಲಿ ಎಂಜಿನ್ ಬಿಚ್ಚಿ ಜೋಡಿಸ್ತಿದ್ರು. ಈ ಕೆಲಸಗಾರರ ಬಗ್ಗೆ ನಾವು ಇಷ್ಟು ಕಮ್ಮಿ ಮಾತಾಡೋದು ನಂಗೆ ನಿಜಕ್ಕೂ ಬೇಜಾರು.

ಪ್ರಶ್ನೆ: ಇವರು ಭಾರತಕ್ಕೂ ಬಾಂಬ್ ಹಾಕಿದ್ರಾ? (ಓದುಗರು, ಹಾಸನ)

ಉತ್ತರ: ಹೂಂ, ಫೈಟರ್‌ಗಳು ಕಾವಲಿಗೆ, ಬಾಂಬರ್‌ಗಳು ಬೇರೆ. 1943 ಡಿಸೆಂಬರ್ 5ರಂದು ಹಾಡಹಗಲೇ ಕಲ್ಕತ್ತಾದ ಖಿದಿರ್‌ಪುರ್ ಡಾಕ್ ಮೇಲೆ ಹಾಕಿದ್ರು, ಬಂಗಾಳ ಆಗ್ಲೇ ಬರಗಾಲದಲ್ಲಿ ಸಾಯ್ತಿತ್ತು, ಬಾಂಬಿಗೆ ಸಿಕ್ಕಿದ್ದು ಅಲ್ಲಿ ಮೂಟೆ ಹೊರ್ತಿದ್ದ ಕೂಲಿಗಳು.