ಗುರುವಾರ ಕರೆಂಟ್ ಹೋದರೆ ಶುಕ್ರವಾರ ಸ್ಕ್ಯಾನ್ ಬರುವುದಿಲ್ಲ!

ಪ್ರಶ್ನೆ: ನಾನು ವಿಜಯಪುರದವನು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಚಲನ್, ಬಿಲ್ಲುಗಳನ್ನು ಕಾಪಿಯರ್‌ನಲ್ಲಿ ಸ್ಕ್ಯಾನ್ ಮಾಡಿದರೆ ನೇರವಾಗಿ ನನ್ನ ಕಂಪ್ಯೂಟರಿನ ಫೋಲ್ಡರಿಗೆ ಬರುತ್ತಿದ್ದವು. ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದ ಮೇಲೆ ತೊಂದರೆ ಶುರುವಾಗಿದೆ. ಸರ್ವಿಸ್‌ನವರು ಬಂದು ಸರಿ ಮಾಡಿದರೆ ನಾಲ್ಕೈದು ದಿನ ನಡೆಯುತ್ತದೆ. ಗುರುವಾರದ ರಜೆ ಮುಗಿಸಿ ಶುಕ್ರವಾರ ಬಂದರೆ ಮತ್ತೆ ‘ಕನೆಕ್ಷನ್ ಎರರ್’. ಮಷಿನ್ ಹಳೇದು, ಬದಲಾಯಿಸಿ ಅನ್ನುತ್ತಿದ್ದಾರೆ. ಬದಲಾಯಿಸಲೇಬೇಕಾ?

ಉತ್ತರ: ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ನಾಲ್ಕೈದು ದಿನ ಸ್ಕ್ಯಾನ್ ಸರಿಯಾಗಿ ಬರುತ್ತದೆ ಅಂದರೆ ಮಷಿನ್ ಚೆನ್ನಾಗಿದೆ, ಕೇಬಲ್ ಚೆನ್ನಾಗಿದೆ, ಪಾಸ್‌ವರ್ಡ್ ಕೂಡ ಸರಿ ಇದೆ. ಕೆಟ್ಟಿದ್ದರೆ ಸೋಮವಾರವೂ ಬರುತ್ತಿರಲಿಲ್ಲ, ಅಲ್ವಾ?

ನಿಮ್ಮ ಕಡೆ ಗುರುವಾರ ಕಾರ್ಖಾನೆಗಳಿಗೆ ರಜೆ. ವಿದ್ಯುತ್ ಲೈನಿನ ರಿಪೇರಿಯೂ ಹೆಚ್ಚಾಗಿ ಅವತ್ತೇ. ಕರೆಂಟ್ ಹೋಯಿತು, ರೂಟರ್ ಆಫ್ ಆಯಿತು. ಅಗ್ಗದ ರೂಟರ್‌ಗಳಿಗೆ ಯಾರಿಗೆ ಯಾವ ಐಪಿ ನಂಬರ್ (ನೆಟ್‌ವರ್ಕಿನಲ್ಲಿ ಆ ಯಂತ್ರದ ವಿಳಾಸ) ಕೊಟ್ಟಿದ್ದೆ ಅನ್ನುವುದು ಆಫ್ ಆದ ಮೇಲೆ ನೆನಪಿರುವುದಿಲ್ಲ. ಮತ್ತೆ ಆನ್ ಆದಾಗ ಹೋಟೆಲ್ ಕೌಂಟರಿನ ಟೋಕನ್ ಥರ, ಮೊದಲು ಬಂದವರಿಗೆ ಮೊದಲ ನಂಬರ್. ಗುರುವಾರ 192.168.1.5 ಆಗಿದ್ದ ನಿಮ್ಮ ಕಂಪ್ಯೂಟರ್ ಶುಕ್ರವಾರ 192.168.1.8 ಆಗಿರಬಹುದು. ಕಾಪಿಯರ್‌ನ ಅಡ್ರೆಸ್ ಬುಕ್ಕಿನಲ್ಲಿ ಮಾತ್ರ ಹಳೇ 5 ಹಾಗೇ ಕೂತಿರುತ್ತದೆ. ಸರ್ವಿಸ್‌ನವರು ಪ್ರತಿ ಸಲ ಬಂದು ಹೊಸ ನಂಬರ್ ಹಾಕಿ ಹೋಗುತ್ತಿದ್ದಾರೆ, ಇನ್ನೇನಿಲ್ಲ. ವಿಸಿಟ್ ಚಾರ್ಜ್ ತಗೊಳ್ಳುತ್ತಿದ್ದರೆ ಈ ಪುಟ ತೋರಿಸಿ.

ಮುಂದಿನ ಶುಕ್ರವಾರ ನೀವೇ ನೋಡಿ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆಜ್ಞೆ ಕೊಡಿ. ಐಪಿವಿ4 ಎಂಬ ಸಾಲಿನ ನಂಬರ್ ಮತ್ತು ಕಾಪಿಯರ್‌ನಲ್ಲಿ ಇರುವ ನಂಬರ್ ಬೇರೆ ಬೇರೆ ಇದ್ದರೆ ಕಳ್ಳ ಸಿಕ್ಕ. ರೂಟರ್ ಸೆಟ್ಟಿಂಗಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ನಿಮ್ಮ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಭಾಗದ ಗುರುತಿನ ನಂಬರ್) ಕೊಟ್ಟು ಒಂದು ನಂಬರ್ ಕಾಯಂ ಮಾಡಿಸಿ. ಒಂದೇ ಎಚ್ಚರಿಕೆ: ಕೇಬಲ್‌ಗೆ ಒಂದು ಮ್ಯಾಕ್ ಅಡ್ರೆಸ್, ವೈಫೈಗೆ ಇನ್ನೊಂದು. ದಿನಾ ಯಾವುದರಲ್ಲಿ ಕೆಲಸ ಮಾಡುತ್ತೀರೋ ಅದನ್ನೇ ಕೊಡಿ. ವೈಫೈ ಆದರೆ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆಫ್ ಇರಲಿ.

ನಂಬರ್ ಸರಿ ಇದ್ದೂ ಸ್ಕ್ಯಾನ್ ಬರದಿದ್ದರೆ? ಆಫೀಸಿನ ಇನ್ನೊಂದು ಕಂಪ್ಯೂಟರಿನಿಂದ ಆ ಫೋಲ್ಡರ್ ತೆರೆದು ನೋಡಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎರಡು ಹಿಂಗೆರೆ (\ ಗುರುತು), ಐಪಿ ನಂಬರ್, ಒಂದು ಹಿಂಗೆರೆ, ಫೋಲ್ಡರಿನ ಶೇರ್ ಹೆಸರು. ಕಾಪಿಯರ್‌ನಲ್ಲಿ ಹಾಕಿರುವ ಯೂಸರ್ ನೇಮ್, ಪಾಸ್‌ವರ್ಡನ್ನೇ ಕೊಡಿ. ತೆರೆದುಕೊಂಡು, ಅದರೊಳಗೆ ಒಂದು ಫೈಲ್ ಉಳಿಸಲೂ ಆದರೆ ಕಾಪಿಯರ್ ಕಡೆ ನೋಡಬೇಕು. ಆಗದಿದ್ದರೆ ಕಾಪಿಯರ್ ಮುಟ್ಟಲೇಬೇಡಿ, ಗಂಟು ಕಂಪ್ಯೂಟರಿನಲ್ಲಿದೆ. ಅದರಲ್ಲೂ ಜಾಸ್ತಿ ಕಾಣುವ ಗಂಟು ಪಿನ್. ಬೆಳಿಗ್ಗೆ ಕಂಪ್ಯೂಟರ್ ತೆರೆಯುವಾಗ ಒತ್ತುವ ನಾಲ್ಕಂಕಿ ಪಿನ್ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ, ಅಸಲಿ ಪಾಸ್‌ವರ್ಡೇ ಬೇಕು. ಸ್ಕ್ಯಾನಿಗೆಂದೇ ಬೇರೆ ಲೋಕಲ್ ಯೂಸರ್ ಮಾಡಿ, ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಡುವುದು ನನ್ನ ಪದ್ಧತಿ. ಅನುಮತಿಯನ್ನು ಶೇರಿಂಗ್‌ನಲ್ಲೂ ಕೊಡಬೇಕು, ಸೆಕ್ಯುರಿಟಿ ಟ್ಯಾಬ್‌ನಲ್ಲೂ ಕೊಡಬೇಕು. ಒಂದು ಕಡೆ ಮರೆತರೂ ಫೈಲ್ ಬರುವುದಿಲ್ಲ.

ಇನ್ನು, ನೀವು ಕೇಳದ ಒಂದು ಮಾತು. ಅವಸರದ ಸರ್ವಿಸ್‌ನವರು ಎರಡು ಕೆಲಸ ಮಾಡುತ್ತಾರೆ: ಫೈರ್‌ವಾಲ್ (ನೆಟ್‌ವರ್ಕಿನಿಂದ ಬರುವವರನ್ನು ತಡೆಯುವ ಕಾವಲು) ಪೂರ್ತಿ ಆಫ್ ಮಾಡುವುದು, ಎಸ್‌ಎಂಬಿ 1 (ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಹಳೇ ವಿಧಾನ) ಆನ್ ಮಾಡುವುದು. ಎರಡಕ್ಕೂ ಬೇಡ ಅನ್ನಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಜಗತ್ತಿನ ತುಂಬ ಹಬ್ಬಿದ್ದು ಈ ಎಸ್‌ಎಂಬಿ 1ರ ತೂತಿನಿಂದಲೇ. ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಅನುಭವಿಸಿದರು. ಅದೇ ವರ್ಷದ ಕೊನೆಯಿಂದ ವಿಂಡೋಸ್ 10 ಹೊಸದಾಗಿ ಹಾಕಿದರೆ ಎಸ್‌ಎಂಬಿ 1 ಸರ್ವರ್ ಬರುವುದಿಲ್ಲ. ನೆಟ್‌ವರ್ಕನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಾಯಿಸಿ ಫೈಲ್ ಶೇರಿಂಗ್ ಆನ್ ಮಾಡಿದರೆ ಸಾಕು, ಫೈರ್‌ವಾಲ್ ತನ್ನ ಪಾಡಿಗೆ ಇರಲಿ. ಎಸ್‌ಎಂಬಿ 1 ಬಿಟ್ಟು ಬೇರೇನೂ ಗೊತ್ತಿಲ್ಲದ ಹಳೇ ಕಾಪಿಯರ್ ಆದರೆ ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ವಿಧಾನ) ಬಳಸಿ, ಇಲ್ಲವೇ ಪೆನ್‌ಡ್ರೈವ್ ಚುಚ್ಚಿ. ಹೊಸ ಮಷಿನ್ ಮಾತು ಆಮೇಲೆ.

ಪ್ರಶ್ನೆ: ಮಡಗಾಂವ್‌ನಲ್ಲಿ ನಮ್ಮದು ಟ್ರಾವೆಲ್ಸ್ ಆಫೀಸ್. ಕಾಪಿಯರ್‌ನಿಂದ ಜಿಮೇಲ್ ಮೂಲಕ ಸ್ಕ್ಯಾನ್ ಕಳಿಸಲು ನೋಡಿದೆ. ಪಾಸ್‌ವರ್ಡ್ ಸರಿ ಕೊಟ್ಟರೂ ತಪ್ಪು ಅನ್ನುತ್ತದೆ.

ಉತ್ತರ: ಮಾಮೂಲಿ ಪಾಸ್‌ವರ್ಡ್ ಕೊಟ್ಟು ಕಾಪಿಯರ್‌ನಿಂದ ಮೇಲ್ ಕಳಿಸುವ ಸೌಲಭ್ಯವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಖಾತೆಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ‘ಆ್ಯಪ್ ಪಾಸ್‌ವರ್ಡ್’ ಪಡೆಯಿರಿ. 16 ಅಕ್ಷರ ಇರುತ್ತದೆ, ನಡುವೆ ಜಾಗ ಬಿಡದೆ ಹಾಕಿ. ಕಾಪಿಯರ್‌ನ ಮೇಲ್ ಸೆಟ್ಟಿಂಗಿನಲ್ಲಿ ಪೋರ್ಟ್ 587, ಸುರಕ್ಷತೆಗೆ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ. ಗಿರಾಕಿಗಳ ಪಾಸ್‌ಪೋರ್ಟ್, ಆಧಾರ್ ಹೋಗುವ ದಾರಿ ಇದು. ಹಾಗಾಗಿ ಮಾಲೀಕರ ಸ್ವಂತ ಜಿಮೇಲ್ ಬೇಡ, ಸ್ಕ್ಯಾನಿಗೆ ಬೇರೆಯದೇ ಖಾತೆ ತೆರೆಯಿರಿ.

ಪ್ರಶ್ನೆ: ನಾಲ್ಕು ಹಾಳೆ ಸ್ಕ್ಯಾನ್ ಮಾಡಿದರೆ ಫೈಲ್ ದೈತ್ಯ ಗಾತ್ರದ್ದಾಗುತ್ತದೆ, ಮೇಲ್‌ನಲ್ಲಿ ಹೋಗುವುದೇ ಇಲ್ಲ. (ಡೊಂಬಿವಲಿಯಿಂದ)

ಉತ್ತರ: 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ), ಫುಲ್ ಕಲರ್ ಇಟ್ಟಿರುತ್ತೀರಿ. 300ಕ್ಕೆ ಇಳಿಸಿದರೆ ಚುಕ್ಕೆಗಳ ಲೆಕ್ಕ ಕಾಲು ಭಾಗಕ್ಕೆ ಬರುತ್ತದೆ. ಬರೀ ಅಕ್ಷರದ ಹಾಳೆಗೆ ಕಪ್ಪು-ಬಿಳುಪು ಸಾಕು. ಸಹಿ, ಸೀಲು ಇರುವ ಹಾಳೆಗಷ್ಟೇ ಕಲರ್ ಇರಲಿ.