ಎತ್ತರ, ತೋಳು, ಕಾಲರ್: ಟೈಲರ್ ಮಾಸ್ಟ್ರ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಕ್ರಿಕೆಟ್ ಕಮ್ಮಿ, ಹೆವಿವೇಟ್, ಅಂದರೆ ಎಲ್ಲಕ್ಕಿಂತ ಭಾರದವರ, ಬಾಕ್ಸಿಂಗ್ ಜಾಸ್ತಿ. ನನಗೆ ಖುಷಿಯೇ. ಮಾಟುಂಗಾದ ನನ್ನ ಅಂಗಡಿಗೆ ಬಂದವರಿಗೆ ಗೊತ್ತು, ಕಟಿಂಗ್ ಟೇಬಲ್ಲಿನ ಕೆಳಗೆ ಬಟ್ಟೆ ಇಡಲು ಜಾಗ ಇಲ್ಲ. ಅಲ್ಲಿರುವುದೆಲ್ಲ ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಬಾಕ್ಸಿಂಗ್ ಪತ್ರಿಕೆಗಳು.

ಮಾಸ್ಟ್ರೇ, ಹಳೆಯ ಫೋಟೋಗಳಲ್ಲಿ ಹೆವಿವೇಟ್ ಚಾಂಪಿಯನ್ನರು ನಮ್ಮ ನಿಮ್ಮ ಹಾಗೆ ಕಾಣುತ್ತಾರೆ. ಈಗಿನವರು ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ನಿಜವಾಗಿ ಇಷ್ಟು ಬೆಳೆದಿದ್ದಾರಾ?
*ಓದುಗರು, ಡೊಂಬಿವಲಿ*

ಬೆಳೆದಿದ್ದಾರೆ. 1897ರಲ್ಲಿ ಬಾಬ್ ಫಿಟ್ಸಿಮನ್ಸ್ ಚಾಂಪಿಯನ್ ಆದಾಗ ಅವನ ತೂಕ ಸುಮಾರು 76 ಕಿಲೋ. ಅಂಥ ಆಳುಗಳು ನಿಮ್ಮ ಬೆಳಗಿನ ಫಾಸ್ಟ್ ಲೋಕಲ್ಲಿನ ಒಂದೊಂದು ಡಬ್ಬಿಯಲ್ಲೂ ಸಿಗುತ್ತಾರೆ. 1906ರ ಚಾಂಪಿಯನ್ ಟಾಮಿ ಬರ್ನ್ಸ್ ಎತ್ತರ ಬರೀ 5 ಅಡಿ 7 ಇಂಚು. ಐವತ್ತರ ದಶಕದ ರಾಕಿ ಮಾರ್ಸಿಯಾನೊ 5 ಅಡಿ ಹತ್ತೂವರೆ ಇಂಚು, 85 ಕಿಲೋ. ಆಡಿದ 49 ಪಂದ್ಯಗಳನ್ನೂ ಗೆದ್ದವನು! ಮಹಮ್ಮದ್ ಅಲಿ 6 ಅಡಿ 3 ಇಂಚು. 1964ರಲ್ಲಿ ಆಗಿನ ಚಾಂಪಿಯನ್ ಸನ್ನಿ ಲಿಸ್ಟನ್ ಎದುರು ಇಳಿದಾಗ 95 ಕಿಲೋ, 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್ ಎದುರು 98. 2002ರಲ್ಲಿ ಮೈಕ್ ಟೈಸನ್‌ನನ್ನು ಸೋಲಿಸಿದ ಲೆನಾಕ್ಸ್ ಲೂಯಿಸ್ 6 ಅಡಿ 5 ಇಂಚು, 113 ಕಿಲೋ. ಟೈಸನ್ ಫ್ಯೂರಿ 6 ಅಡಿ 9 ಇಂಚು, 2024ರ ಮೇ ತಿಂಗಳಲ್ಲಿ ತಕ್ಕಡಿ ಹತ್ತಿದಾಗ 119 ಕಿಲೋ.

ಇಷ್ಟು ನೋಡಿ ಮನುಷ್ಯ ಜಾತಿಯೇ ಉಬ್ಬಿತು ಅಂತ ತಿಳಿಯಬೇಡಿ. ದೈತ್ಯರು ಆಗಲೂ ಇದ್ದರು. ಜೆಸ್ ವಿಲ್ಲರ್ಡ್ 6 ಅಡಿ ಆರೂವರೆ ಇಂಚಿನ ಆಳು, 111 ಕಿಲೋ. 1919ರಲ್ಲಿ ಟೊಲೆಡೊ ಊರಿನಲ್ಲಿ 85 ಕಿಲೋದ ಜ್ಯಾಕ್ ಡೆಂಪ್ಸಿ ಅವನನ್ನು ಮೊದಲ ಸುತ್ತಿನಲ್ಲೇ ಏಳು ಸಲ ನೆಲಕ್ಕೆ ಕೆಡವಿದ. ಇಟಲಿಯ ಪ್ರೀಮೊ ಕಾರ್ನೇರಾ 119 ಕಿಲೋ ಇದ್ದ, ಅಂದರೆ ಹೆಚ್ಚುಕಮ್ಮಿ ಇವತ್ತಿನ ಫ್ಯೂರಿ. 1934ರಲ್ಲಿ 95 ಕಿಲೋದ ಮ್ಯಾಕ್ಸ್ ಬೇರ್ ಅವನನ್ನು ಹನ್ನೊಂದು ಸಲ ಬೀಳಿಸಿದ. ಆಗ ದೊಡ್ಡ ಮೈ ಎಂದರೆ ಹೊಡೆಯುವವನಿಗೆ ದೊಡ್ಡ ಗುರಿ, ಅಷ್ಟೇ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಮೊದಲು 79 ಕಿಲೋ ದಾಟಿದವರೆಲ್ಲ ಹೆವಿವೇಟೇ. 1980ರ ಹೊತ್ತಿಗೆ ಹೆವಿವೇಟಿನ ಕೆಳಗೆ ಕ್ರೂಸರ್‌ವೇಟ್ ಎಂಬ ವರ್ಗ ಬಂತು. ಅದರ ಮಿತಿ ಮೊದಲು 86 ಕಿಲೋ ಇತ್ತು, 2003ರಲ್ಲಿ ಸುಮಾರು 91 ಕಿಲೋಗೆ ಏರಿತು. ಅದೂ ಸಾಲದೆ 2020ರಲ್ಲಿ ಡಬ್ಲ್ಯೂಬಿಸಿ ಎಂಬ ಬಾಕ್ಸಿಂಗ್ ಸಂಸ್ಥೆ ಸುಮಾರು 102 ಕಿಲೋವರೆಗಿನವರಿಗೆ ಬ್ರಿಡ್ಜರ್‌ವೇಟ್ ಮಾಡಿತು. ಈಗಿನ ಲೆಕ್ಕದಲ್ಲಿ ಡೆಂಪ್ಸಿ, ಮಾರ್ಸಿಯಾನೊ ಇಬ್ಬರೂ ಕ್ರೂಸರ್‌ವೇಟಿನವರು. ಸಣ್ಣ ಬಂಗುಡೆಗಳನ್ನೆಲ್ಲ ಬೇರೆ ಬುಟ್ಟಿಗೆ ಹಾಕಿ, ಈ ಸಲ ಮೀನು ಎಷ್ಟು ದೊಡ್ಡದು ನೋಡಿ ಅಂದ ಹಾಗಾಯಿತು. ಸರಾಸರಿ ಮೇಲೇರಿದ್ದರಲ್ಲಿ ಈ ನಿಯಮದ ಪಾಲು ಸಣ್ಣದಲ್ಲ.

ಮತ್ತೆ ನಿಜವಾಗಿ ಬದಲಾದದ್ದು ಏನು? ದೊಡ್ಡವರು ಆಟ ಕಲಿತರು. ಸೋವಿಯತ್ ಕಾಲದಲ್ಲಿ ಅಲ್ಲಿನ ಹುಡುಗರಿಗೆ ದುಡ್ಡಿನ ಬಾಕ್ಸಿಂಗ್ ಮುಚ್ಚಿತ್ತು. ಬಾಗಿಲು ತೆರೆದ ಮೇಲೆ ಉಕ್ರೇನಿನ ಕ್ಲಿಚ್ಕೊ ಸಹೋದರರು 1996ರಲ್ಲಿ ಬಂದರು. ಒಬ್ಬ 6 ಅಡಿ 7, ಇನ್ನೊಬ್ಬ 6 ಅಡಿ 6. ಎಮ್ಯಾನುಯೆಲ್ ಸ್ಟುವರ್ಡ್ ಎಂಬ ಕೋಚ್ ಮೊದಲು ಲೂಯಿಸ್‌ಗೆ, ಆಮೇಲೆ ವ್ಲಾಡಿಮಿರ್ ಕ್ಲಿಚ್ಕೊಗೆ ಒಂದೇ ಪಾಠ ಹೇಳಿಕೊಟ್ಟರು. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ಹಾಕಿ ದೂರ ನಿಲ್ಲಿಸು, ಹತ್ತಿರ ಬಂದರೆ ಹಿಡಿದು ನಿನ್ನ ಭಾರವನ್ನೇ ಅವನ ಮೇಲೆ ಹಾಕು. ನೋಡಲು ಬೋರು. ಆದರೆ ಹತ್ತು ವರ್ಷ ಯಾರಿಗೂ ಉತ್ತರ ಸಿಗಲಿಲ್ಲ. ಭಾರ ಎತ್ತಿದರೆ ಮೈ ಬಿಗಿಯಾಗುತ್ತದೆ ಅಂತ ಹಳೆಯ ಕೋಚ್‌ಗಳು ಹುಡುಗರನ್ನು ಹೆದರಿಸುತ್ತಿದ್ದರು, ಆ ಹೆದರಿಕೆಯೂ ಹೋಯಿತು. 1982ರಲ್ಲಿ ಕೊರಿಯಾದ ಕಿಮ್ ಡುಕ್‌ಕೂ ಪಂದ್ಯದ ಪೆಟ್ಟಿನಿಂದ ತೀರಿಕೊಂಡ ಮೇಲೆ 15 ಸುತ್ತಿನ ಪಂದ್ಯಗಳು 12ಕ್ಕೆ ಇಳಿದವು. 115 ಕಿಲೋ ಹೊತ್ತು 36 ನಿಮಿಷ ಓಡಾಡುವುದೇ ಕಷ್ಟ. ಅದರ ಮೇಲೆ ಇನ್ನೂ ಒಂಬತ್ತು ನಿಮಿಷ ಅಂದರೆ ಕತೆಯೇ ಬೇರೆ, ಅಲ್ವಾ?

ಪಂದ್ಯದ ಮೊದಲು ತೋರಿಸುವ ಪಟ್ಟಿಯಲ್ಲಿ ‘ರೀಚ್’ ಎಂದಿರುತ್ತದೆ. ಅದನ್ನು ಅಳೆಯುವುದು ಹೇಗೆ? ಹಳೆಯ ಪಟ್ಟಿಗಳಲ್ಲಿ ಎದೆಗೆ ಯಾಕೆ ಎರಡು ಅಂಕಿ?
*ಓದುಗರು, ಚಿಂಚವಡ, ಪುಣೆ*

ಇದು ನನ್ನ ಕಸುಬಿನ ಪ್ರಶ್ನೆ, ಸ್ವಲ್ಪ ಉದ್ದ ಮಾತಾಡುತ್ತೇನೆ.

ರೀಚ್ ಅಂದರೆ ನಾವು ಶರ್ಟಿಗೆ ತೆಗೆಯುವ ತೋಳಿನ ಉದ್ದ ಅಲ್ಲ. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಭುಜದ ಮಟ್ಟಕ್ಕೆ ಚಾಚಬೇಕು. ಈ ಕಡೆಯ ನಡುಬೆರಳ ತುದಿಯಿಂದ ಆ ಕಡೆಯ ನಡುಬೆರಳ ತುದಿಯವರೆಗೆ ಎಷ್ಟೋ ಅದೇ ರೀಚ್. ಭುಜದ ಅಗಲವೂ ಅದರೊಳಗೇ ಬಂತು. ಸಾಮಾನ್ಯ ಜನರಲ್ಲಿ ಇದು ಎತ್ತರಕ್ಕೆ ಹೆಚ್ಚುಕಮ್ಮಿ ಸಮ. ಬಾಕ್ಸರುಗಳಲ್ಲಿ ಮಜಾ ಇರುವುದು ಸಮ ಇಲ್ಲದವರಲ್ಲಿ. ಮಾರ್ಸಿಯಾನೊ ಎತ್ತರ ಎಪ್ಪತ್ತೂವರೆ ಇಂಚು, ರೀಚ್ ಸುಮಾರು 68. ಮೈಗಿಂತ ಕೈ ಗಿಡ್ಡ! ಅದಕ್ಕೇ ಅವನು ಬಗ್ಗಿ ಬಗ್ಗಿ ಎದುರಾಳಿಯ ಎದೆಯೊಳಗೇ ನುಗ್ಗಿ ಹೊಡೆಯುತ್ತಿದ್ದದ್ದು. ಸನ್ನಿ ಲಿಸ್ಟನ್ ಎತ್ತರ 73 ಇಂಚು, ರೀಚ್ 84. ಹನ್ನೊಂದು ಇಂಚು ಜಾಸ್ತಿ. ಮುಷ್ಟಿಯ ಸುತ್ತಳತೆ 15 ಇಂಚು ಅಂತ ಬರೆದಿಟ್ಟಿದ್ದಾರೆ. ನಿಮ್ಮ ಮುಷ್ಟಿಗೆ ಒಂದು ಸಲ ಟೇಪು ಸುತ್ತಿ ನೋಡಿ, ಆಗ ತಿಳಿಯುತ್ತದೆ.

ಎದೆಗೆ ಒಂದು ಅಂಕಿ ಸಹಜವಾಗಿ ನಿಂತಾಗಿನದು, ಇನ್ನೊಂದು ಉಸಿರು ತುಂಬಿಕೊಂಡಾಗಿನದು. ಎರಡನೆಯದು ಪೇಪರಿನವರಿಗೆ, ಪೋಸ್ಟರಿನವರಿಗೆ. ಟೇಪು ಕಂಡ ತಕ್ಷಣ ಗಂಡಸಿನ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ, ಎದೆ ಮೇಲೇಳುತ್ತದೆ. ನಾನು ಗಿರಾಕಿ ಹತ್ತಿರ ಊರಿನ ಸುದ್ದಿ ಕೇಳುತ್ತೇನೆ, ಮಾತಾಡುತ್ತಾ ಉಸಿರು ಬಿಟ್ಟಾಗ ಅಂಕಿ ಓದುತ್ತೇನೆ. ಬೆನ್ನಿನ ಕಡೆ ಟೇಪು ಎರಡು ಬೆರಳು ಕೆಳಗೆ ಜಾರಿದರೂ ಅಳತೆ ಕೆಡುತ್ತದೆ. ಸಾವಿರ ಜನರ ನಡುವೆ, ಫೋಟೋದವರು ಕೂಗುತ್ತಿರುವಾಗ ತೆಗೆದ ಎದೆಯ ಅಳತೆಯನ್ನು ನಾನಂತೂ ನಂಬುವುದಿಲ್ಲ. ಎತ್ತರವೂ ಅಷ್ಟೇ. ಮೈಕ್ ಟೈಸನ್ ಒಂದು ಪಟ್ಟಿಯಲ್ಲಿ 5 ಅಡಿ 10, ಇನ್ನೊಂದರಲ್ಲಿ 5 ಅಡಿ ಹನ್ನೊಂದೂವರೆ. ತೂಕ ಮಾತ್ರ ತಕ್ಕಡಿಯದು, ಅದನ್ನು ನಂಬಬಹುದು.

ಟೈಸನ್ ನಿಮ್ಮ ಅಂಗಡಿಗೆ ಬಂದರೆ ಶರ್ಟು ಹೊಲಿಯುತ್ತೀರಾ?
*ಕಾಲೇಜು ಹುಡುಗ, ಮುಲುಂಡ್*

ಹೊಲಿಯುತ್ತೇನೆ ಮಾರಾಯ, ಅಡ್ವಾನ್ಸ್ ಮಾತ್ರ ಕೇಳುವುದಿಲ್ಲ. ತೊಂದರೆ ಕಾಲರಿನದು. ನನ್ನ ಗಿರಾಕಿಗಳಲ್ಲಿ ಜಾಸ್ತಿ ಜನಕ್ಕೆ 15, 16ರ ಕಾಲರು. ಟೈಸನ್ ಕುತ್ತಿಗೆ ಸುಮಾರು 20 ಇಂಚು. ಅದು ಶೋಕಿಗೆ ಬೆಳೆಸಿದ್ದಲ್ಲ. ಗದ್ದಕ್ಕೆ ಏಟು ಬಿದ್ದಾಗ ತಲೆ ಗಕ್ಕನೆ ತಿರುಗಿದರೆ ಮನುಷ್ಯ ಬೀಳುತ್ತಾನೆ. ಕುತ್ತಿಗೆ ಗಟ್ಟಿ ಇದ್ದರೆ ತಲೆ ಅಷ್ಟು ಅಲುಗುವುದಿಲ್ಲ. 1986ರಲ್ಲಿ ಇಪ್ಪತ್ತನೇ ವಯಸ್ಸಿಗೆ ಚಾಂಪಿಯನ್ ಆದಾಗ ಅವನು 100 ಕಿಲೋ ಇದ್ದ, ಅಷ್ಟು ಗಿಡ್ಡ ಮೈಯಲ್ಲಿ!

ಮಾಸ್ಟ್ರೇ, ಮಗನಿಗೆ 15 ವರ್ಷ. 6 ಅಡಿ ಇದ್ದಾನೆ, ತೂಕ 66 ಕಿಲೋ. ಹೆವಿವೇಟ್ ಆಗಬೇಕೆಂದು ಡಬ್ಬಿಗಟ್ಟಲೆ ಪ್ರೋಟೀನ್ ಪೌಡರ್ ತರಿಸುತ್ತಾನೆ. ಏನು ಮಾಡಲಿ?
*ಒಬ್ಬ ತಾಯಿ, ವಾಸ್ಕೊ, ಗೋವಾ*

ಅಕ್ಕಾ, ಪೌಡರಿನ ವಿಷಯ ಡಾಕ್ಟರ ಹತ್ತಿರ ಕೇಳಿ, ಟೈಲರ ಹತ್ತಿರ ಬೇಡ. ಬಾಕ್ಸಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ. ಅವನು ಈಗ ಎಷ್ಟಿದ್ದಾನೋ ಆ ತೂಕದಲ್ಲೇ ಆಡಲಿ. ಎವಾಂಡರ್ ಹೋಲಿಫೀಲ್ಡ್ 1984ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು 81 ಕಿಲೋ ವರ್ಗದಲ್ಲಿ. ಆಮೇಲೆ ಕ್ರೂಸರ್‌ವೇಟ್ ಚಾಂಪಿಯನ್ ಆದ. 1990ರಲ್ಲಿ 94 ಕಿಲೋ ಇದ್ದಾಗ, 112 ಕಿಲೋದ ಬಸ್ಟರ್ ಡಗ್ಲಸ್‌ನನ್ನು ಮಲಗಿಸಿ ಹೆವಿವೇಟ್ ಚಾಂಪಿಯನ್ ಆದ. ಹುಡುಗನಿಗೆ ಇದನ್ನು ಓದಿ ಹೇಳಿ. ಹದಿನೈದಕ್ಕೇ ತುಂಬಿಸಿದ ಮೈಯನ್ನು ಹೊರುವುದು ಅವನ ಮಂಡಿಗಳೇ.

ಹಾಗಾದರೆ ಇನ್ನು 6 ಅಡಿ 3 ಇಂಚಿನವರಿಗೆ ಹೆವಿವೇಟ್‌ನಲ್ಲಿ ಜಾಗ ಇಲ್ಲ ಅನ್ನಿ.
*ಓದುಗರು, ಘಾಟ್ಕೋಪರ್*

ಯಾರು ಹೇಳಿದ್ದು? 2009ರಲ್ಲಿ 98 ಕಿಲೋದ ಡೇವಿಡ್ ಹೇ, 7 ಅಡಿ ಎತ್ತರದ, 143 ಕಿಲೋದ ನಿಕೊಲಾಯ್ ವಾಲುಯೆವ್‌ನನ್ನು ಪಾಯಿಂಟ್ಸ್ ಮೇಲೆ ಸೋಲಿಸಿದ. ಹೇ ಎತ್ತರ ನೀವು ಹೇಳಿದಷ್ಟೇ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಕೂಡ 6 ಅಡಿ 3 ಇಂಚು, ರೀಚ್ 78. ಅಲಿಯದೂ ಇವೇ ಎರಡು ಅಂಕಿ. ಇಬ್ಬರ ಪಟ್ಟಿ ಪಕ್ಕಪಕ್ಕ ಇಟ್ಟರೆ ಅರವತ್ತು ವರ್ಷದಲ್ಲಿ ಬದಲಾದದ್ದು ಐದಾರು ಕಿಲೋ. ಕ್ರೂಸರ್‌ವೇಟಿನಿಂದ ಮೇಲೆ ಬಂದ ಈ ಉಸಿಕ್ 2021ರಲ್ಲಿ 6 ಅಡಿ 6 ಇಂಚಿನ ಆಂಥನಿ ಜೋಶುವಾನನ್ನು ಸೋಲಿಸಿದ, 2024ರಲ್ಲಿ ರಿಯಾಧ್‌ನಲ್ಲಿ ಫ್ಯೂರಿಯನ್ನು. ಫ್ಯೂರಿಗೂ ಅವನಿಗೂ ಆವತ್ತು ಸುಮಾರು 18 ಕಿಲೋ ವ್ಯತ್ಯಾಸ. ಮೇ ತಿಂಗಳ ಆ ಮೊದಲ ಪಂದ್ಯದ 9ನೇ ಸುತ್ತು ಹುಡುಕಿ ನೋಡಿ. ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡುತ್ತಾನೆ, ರೆಫರಿ ಎಣಿಸಲು ಶುರು ಮಾಡುತ್ತಾನೆ. ಒಂದು ಸಲ ಕೈ ನೋಡಿ ಆದ ಮೇಲೆ, ಎರಡನೇ ಸಲ ಉಸಿಕ್‌ನ ಕಾಲು ಮಾತ್ರ ನೋಡಿ.