ದೊಡ್ಡ ಸರ್ಕಾರಿ ಇಲಾಖೆಯಲ್ಲಿ ನೌಕರರ ಉತ್ಸಾಹ ಹೆಚ್ಚಿಸುವುದು ಹೇಗೆ?

ಸನ್ಮಾನ, ಶಾಲು ಎಲ್ಲ ಆಮೇಲೆ. ಮೊದಲು ಕೂರುವ ಜಾಗ ನೋಡಿ. ನಾನು ಮಡಿಕೇರಿಯಲ್ಲಿ ಗುಮಾಸ್ತನಾಗಿದ್ದಾಗ ಜುಲೈ ಬಂತೆಂದರೆ ಕಡತಗಳಿಗೆ ಬೂಷ್ಟು, ಒದ್ದೆ ಸಾಕ್ಸಿನಲ್ಲೇ ದಿನವಿಡೀ ಕೆಲಸ. ಹೊಸದಾಗಿ ಬಂದ ಸಾಹೇಬರು ಕೊಡೆ, ರೇನ್‌ಕೋಟು ಒಣಗಿಸಲು ಹಿಂದಿನ ಕೋಣೆಯಲ್ಲಿ ಹಗ್ಗ ಕಟ್ಟಿಸಿ ಒಂದು ಹೀಟರ್ ಇಡಿಸಿದರು. ಅಷ್ಟಕ್ಕೇ ಅರ್ಧ ಗೊಣಗಾಟ ನಿಂತಿತು!

ಇನ್ನೊಂದು, ಕೆಲಸದ ಹಂಚಿಕೆ. ಸರ್ಕಾರಿ ಸೇವೆಗಳನ್ನು ನಿಗದಿತ ಸಮಯದೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಅರ್ಜಿ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದನ್ನು ಹೊಣೆಗಾರ ನೌಕರರಿಂದಲೇ ವಸೂಲಿ ಮಾಡಬಹುದು. ಖಾಲಿ ಹುದ್ದೆಯ ಪ್ರಭಾರವನ್ನೂ ಹೊತ್ತು ಎರಡು ಮೇಜು ನೋಡುವವರಿಗೆ ಇದು ಗಾಯದ ಮೇಲೆ ಬರೆ. ಪ್ರಭಾರ ಸರದಿಯಂತೆ ಬದಲಾಗಲಿ. ರಜೆಯ ವಿಷಯವೂ ಅಷ್ಟೇ: ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ನಿಗದಿಯಾದ ಕೂಡಲೇ ರಜೆ ಸಿಗುತ್ತದೋ ಇಲ್ಲವೋ ಹೇಳಿಬಿಡಿ, ಹಿಂದಿನ ಸಂಜೆಯವರೆಗೆ ಕಾಯಿಸಬೇಡಿ.